ಗೋಡೆ ದಾಟದ ಗುಂಡು

ಮೋಹನ್ ಕುಮಾರರು ಸಭೆಗಳಲ್ಲಿ ಬಾಯಿ ಬಿಡುವವರಲ್ಲ. ಬಿಟ್ಟದ್ದು ಒಂದೇ ಸಲ. ಆ ಒಂದು ಸಲಕ್ಕೇ ಉಲ್ಲಾಳದ ಅವರ ಬಡಾವಣೆಯ ಇಡೀ ಅಡ್ಡರಸ್ತೆ ನೆಮ್ಮದಿ ಕಳೆದುಕೊಂಡಿತೆಂದರೆ, ಅವರು ಅಲ್ಲಿಯವರೆಗೆ ಸುಮ್ಮನಿದ್ದು ಸಮಾಜಕ್ಕೆ ಎಂಥ ಉಪಕಾರ ಮಾಡಿದ್ದರೆಂದು ಲೆಕ್ಕ ಹಾಕಬಹುದು.

ಸಭೆ ಸೇರಿದ್ದು ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷೆ ಗಿರಿಜಾದೇವಿಯವರ ಮನೆಯ ಕಾರ್ ಶೆಡ್ಡಿನಲ್ಲಿ. ಗಿರಿಜಾದೇವಿಯವರು ನಿವೃತ್ತ ಹೆಡ್‌ಮಿಸ್ಸು; ಈಗಲೂ ಮಾತಾಡಬೇಕಾದವರು ಅವರೆದುರು ಕೈ ಎತ್ತಬೇಕು. ಆ ವಾರ ಹಿಂದಿನ ರಸ್ತೆಯ ಮನೆಯೊಂದಕ್ಕೆ ಹಾಡಹಗಲಲ್ಲೇ ಕಳ್ಳರು ನುಗ್ಗಿದ್ದರು. ಬೆಳ್ಳಿ ದೀಪ, ಟಿ.ವಿ. ಹೊತ್ತದ್ದಲ್ಲದೆ ಒಲೆಯ ಮೇಲಿದ್ದ ಕುಕ್ಕರನ್ನೂ ಒಳಗಿನ ಅನ್ನದ ಸಮೇತ ಒಯ್ದಿದ್ದರು. ಬೆಳ್ಳಿ ಹೋದದ್ದಕ್ಕಿಂತ ಅನ್ನ ಹೋದದ್ದೇ ಬಡಾವಣೆಯನ್ನು ಹೆಚ್ಚು ಹೆದರಿಸಿತ್ತು. ಕುಕ್ಕರ್ ಕೂಗುವವರೆಗೂ ಕಾದಿದ್ದು ಹೋದ ಕಳ್ಳರಿಗೆ ಯಾರ ಭಯವೂ ಇಲ್ಲವೆಂದಾಯಿತಲ್ಲ. ಕ್ಯಾಮೆರಾ ಹಾಕಿಸೋಣವೆಂದು ಒಬ್ಬರು, ವಾಚ್‌ಮನ್ ಇಡೋಣವೆಂದು ಇನ್ನೊಬ್ಬರು, ವಾಚ್‌ಮನ್ನೇ ಕಳ್ಳನಾದರೆ ಏನು ಗತಿ ಎಂದು ಮತ್ತೊಬ್ಬರು ವಾದಿಸುತ್ತಿದ್ದಾಗ, ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಮೋಹನ್ ಕುಮಾರರ ಬಾಯಿಂದ, ಕೈ ಕೂಡ ಎತ್ತದೆ, ಆ ಮಾತು ಹೊರಬಿತ್ತು.

"ನಮ್ಮನೇಲಿ ಅಪ್ಪನ ಬಂದೂಕಿದೆ."

ಶೆಡ್ಡಿನಲ್ಲಿದ್ದ ಕುರ್ಚಿಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಯಾರೋ ಎದ್ದು ಅವರನ್ನು ಮುಂದಿನ ಸಾಲಿಗೆ ಕರೆತಂದರು. ಗಿರಿಜಾದೇವಿಯವರು ಅವರಿಗಾಗಿ ಇನ್ನೊಂದು ಲೋಟ ಕಾಫಿ ತರಿಸಿದರು. ವಾಚ್‌ಮನ್ ವಿಷಯ ಅಲ್ಲಿಗೇ ಬಿದ್ದುಹೋಯಿತು.

ಮಾತೇನೂ ಸುಳ್ಳಲ್ಲ. ಮೋಹನ್ ಕುಮಾರರ ತಂದೆ ಕೆಂಚಪ್ಪನವರು ಈ ಬಡಾವಣೆ ಹುಟ್ಟುವ ಮೊದಲು ಇದೇ ಜಾಗದಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದವರು. ಹಂದಿ ಕಾಟಕ್ಕೆಂದು ಬೆಳೆ ರಕ್ಷಣೆಯ ಲೈಸೆನ್ಸು ಮಾಡಿಸಿ ಜೋಡಿ ನಳಿಗೆಯ ಬಂದೂಕು ತಂದಿದ್ದರು. ಆಮೇಲೆ ಹೊಲ ಹೋಯಿತು, ಹಂದಿ ಹೋಯಿತು, ಕೆಂಚಪ್ಪನವರೂ ಹೋದರು, ಬಂದೂಕು ಮಾತ್ರ ಬೀರುವಿನ ಮೇಲೆ ಹಳೇ ಬೆಡ್‌ಶೀಟು ಹೊದ್ದು ಮಲಗಿತು. ಯಜಮಾನರ ವಸ್ತು ಮನೆ ಬಿಟ್ಟು ಹೋಗಬಾರದೆಂದು ತಾಯಿ ಬೋರಮ್ಮನವರು ಹಟ ಹಿಡಿದು ಲೈಸೆನ್ಸನ್ನು ಮಗನ ಹೆಸರಿಗೆ ಮಾಡಿಸಿದ್ದರು. ಮಗ ವಿಜಯನಗರದ ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ದೀಪಾವಳಿಯಲ್ಲಿ ಸುರುಸುರು ಬತ್ತಿಯನ್ನೂ ಕೈ ಚಾಚಿ, ಮುಖ ತಿರುಗಿಸಿ ಹಚ್ಚುವ ಮನುಷ್ಯ. ಕುಕ್ಕರ್ ಕೂಗಿದರೆ ಅಡುಗೆಮನೆಯಿಂದ ಹೊರಗೆ ಬರುವವರು. ಅಂಥವರಿಗೆ ಜೀವನದಲ್ಲಿ ಮೊದಲ ಸಲ ಮುಂದಿನ ಸಾಲಿನ ಕುರ್ಚಿ ಸಿಕ್ಕಿತ್ತು. ಅದರ ಸುಖ ಅವರಿಗೆ ದಕ್ಕಿದ್ದು ಆ ಎರಡನೇ ಲೋಟದ ಕಾಫಿ ಮುಗಿಯುವವರೆಗೆ ಮಾತ್ರ.

ಏಕೆಂದರೆ ಪಕ್ಕದ ಮನೆಯ ಶ್ಯಾಮಸುಂದರ ಕೈ ಎತ್ತಿದರು. ಶ್ಯಾಮಸುಂದರ ನಿವೃತ್ತ ಸಿವಿಲ್ ಎಂಜಿನಿಯರು, ಏನನ್ನೂ ಅಳತೆ ಮಾಡದೆ ನಂಬುವವರಲ್ಲ. ಬಂದೂಕೇನೋ ಸರಿ, ಒಳಗೆ ಯಾವ ತೋಟಾ ಹಾಕುತ್ತೀರಿ ಎಂದು ಕೇಳಿದರು. ತೋಟಾಗಳಲ್ಲಿ ಜಾತಿಗಳಿವೆ ಎಂಬುದೇ ಮೋಹನ್ ಕುಮಾರರಿಗೆ ಆಗ ತಿಳಿದದ್ದು. ಮುಂದಿನ ಸಾಲಿನ ಮರ್ಯಾದೆ ಉಳಿಸಿಕೊಳ್ಳಲು, "ದಪ್ಪದ್ದೇ ಹಾಕೋದು," ಎಂದುಬಿಟ್ಟರು.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಾ ಹೊರಗೆ ಬಂದರೆ, ಶ್ಯಾಮಸುಂದರ ಕಾಂಪೌಂಡಿನ ಸಂದಿಯಲ್ಲಿ ಟೇಪು ಹಿಡಿದು ನಿಂತಿದ್ದರು. ಮುಖ ನೋಡಿದರೆ ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ.

"ಮೋಹನ್ ಕುಮಾರ್ ಅವ್ರೇ, ನಿಮ್ಮ ಹಾಲಿಗೂ ನನ್ನ ದಿಂಬಿಗೂ ಮಧ್ಯೆ ಇರೋದು ಎರಡು ಗೋಡೆ, ಒಂದು ತುಳಸಿ ಗಿಡ," ಎಂದರು. "ಗೋಡೆ ಎರಡೂ ನಾಲ್ಕಿಂಚಿನ ಬ್ಲಾಕು. ತುಳಸಿ ಬಗ್ಗೆ ನಾನು ಏನೂ ಹೇಳೋಲ್ಲ."

ದಪ್ಪ ಗುಂಡು ಹಂದಿಯ ಮೂಳೆ ಮುರಿಯಲೆಂದು ಮಾಡಿದ್ದು, ಬ್ಲಾಕಿನ ಗೋಡೆ ಅದಕ್ಕೆ ಹಪ್ಪಳದಷ್ಟೂ ಅಡ್ಡಿಯಲ್ಲ, ಹಾಗಾಗಿ ಹಕ್ಕಿ ಹೊಡೆಯುವ ಸಣ್ಣ ಚರೆಯ ತೋಟಾವನ್ನೇ ಹಾಕಬೇಕು ಎಂಬುದು ಅವರ ಬೇಡಿಕೆ. ಸಾಸಿವೆ ಕಾಳಿನಂಥ ಆ ಚರೆ ಗೋಡೆಗೆ ಬಡಿದು ಅಲ್ಲೇ ನಿಲ್ಲುತ್ತದಂತೆ. ಅವರು ರಾತ್ರಿಯೆಲ್ಲ ಫೋನಿನಲ್ಲಿ ಓದಿದ್ದರು. ಮೋಹನ್ ಕುಮಾರರು ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಒಪ್ಪಿಕೊಂಡರು.

ಈ ಒಪ್ಪಿಗೆಯ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಎದುರು ಮನೆಯ ಗಿರಿಜಾದೇವಿಯವರಿಗೆ ತಲುಪಿತು. ಅವರ ಹೊಸ ಕಾರು ನಿಲ್ಲುವುದು ಮೋಹನ್ ಕುಮಾರರ ಗೇಟಿನ ನೇರಕ್ಕೆ. ಸಣ್ಣ ಚರೆಯೆಂದರೆ ಚೆಲ್ಲಾಡುವ ಪದಾರ್ಥ, ಕಾರಿನ ಬಣ್ಣಕ್ಕೆ ಸಿಡುಬು ಬಂದಂತಾಗುತ್ತದೆ, ಹಾಕುವುದಾದರೆ ಮರ್ಯಾದೆಯಾಗಿ ದಪ್ಪದ್ದನ್ನೇ ಹಾಕಬೇಕು ಎಂದು ಅವರು ಗೇಟಿನಾಚೆಯಿಂದಲೇ ಅಪ್ಪಣೆ ಮಾಡಿದರು. ಸಂಜೆಯೊಳಗೆ ರಸ್ತೆ ಎರಡು ಪಕ್ಷವಾಯಿತು. ಮೋಹನ್ ಕುಮಾರರ ಅಕ್ಕಪಕ್ಕದವರೆಲ್ಲ ಸಣ್ಣದರ ಪಕ್ಷ, ಎದುರಿನ ಸಾಲಿನವರೆಲ್ಲ ದಪ್ಪದರ ಪಕ್ಷ. ಮೂಲೆ ಮನೆಯವರು, ತಮ್ಮ ನಾಯಿ ಪಟಾಕಿಗೇ ಮಂಚದ ಕೆಳಗೆ ಸೇರುತ್ತದೆ, ಆದ್ದರಿಂದ ಸದ್ದು ಬರದ ತೋಟಾ ಇದ್ದರೆ ಚೆನ್ನ ಎಂಬ ಹೊಸ ವಿಚಾರ ಮುಂದಿಟ್ಟರು. ಕಳ್ಳರ ಮಾತನ್ನು ಯಾರೂ ಎತ್ತಲಿಲ್ಲ.

ಕೊನೆಗೆ ಮತ್ತೆ ಕಾರ್ ಶೆಡ್ಡಿನಲ್ಲಿ ಸಭೆ ಸೇರಿ, ಕೈ ಎತ್ತಿಸಿ, ಎರಡು ಕಡೆಗೂ ಸಮ ಬಂದಾಗ ಗಿರಿಜಾದೇವಿಯವರು ರಾಜಿ ಮಾಡಿಸಿದರು. ಬಂದೂಕಿಗೆ ಹೇಗೂ ಎರಡು ನಳಿಗೆ. ಬಲಗಡೆಗೆ ಸಣ್ಣದು, ಎಡಗಡೆಗೆ ದಪ್ಪದ್ದು. ಹೊಡೆಯುವುದಿದ್ದರೆ ಹಿಂದಿನ ಖಾಲಿ ಸೈಟಿನ ದಿಕ್ಕಿಗೆ ಮಾತ್ರ ಹೊಡೆಯಬೇಕು. ಕಳ್ಳನನ್ನು ಹೇಗಾದರೂ ಪುಸಲಾಯಿಸಿ ಆ ದಿಕ್ಕಿಗೆ ನಿಲ್ಲಿಸಿಕೊಳ್ಳುವುದು ಮೋಹನ್ ಕುಮಾರರ ಜವಾಬ್ದಾರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೋಹನ್ ಕುಮಾರರೂ ತಟ್ಟಿದರು, ಅವರ ಅಂಗೈ ಬೆವರಿ ಸದ್ದೇ ಬರಲಿಲ್ಲ.

ಶನಿವಾರ ಅವರು ಲೈಸೆನ್ಸು ಹಿಡಿದು ಪೇಟೆಯ ಬಂದೂಕಿನ ಅಂಗಡಿಗೆ ಹೋದರು. ಅಂಗಡಿಯ ಯಜಮಾನ ಆತ್ರೇಯ ಎಂಬ ಮುದುಕರು, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಪೇಪರು ಓದುತ್ತಿದ್ದರು. ಗಿರಾಕಿಗೆ ಎಂಥ ತೋಟಾ ಬೇಕೆಂದು ಕೇಳಿದರು. ಮೋಹನ್ ಕುಮಾರರು ಸಂಘದ ತೀರ್ಮಾನವನ್ನು ಒಂದೂ ಬಿಡದೆ ಒಪ್ಪಿಸಿದರು. ಕಳ್ಳನಿಗೆ ತಾಗಬೇಕು, ಗೋಡೆ ದಾಟಬಾರದು. ಕಳ್ಳ ಬೀಳಬೇಕು, ಸಾಯಬಾರದು. ಚೆಲ್ಲಾಡಬಾರದು, ಕಾರಿಗೆ ತಾಗಬಾರದು, ನಾಯಿ ಬೆದರಬಾರದು. ಕೊನೆಯಲ್ಲಿ, ಇದು ಯಾರೂ ಹೇಳದ್ದು, ತಮ್ಮದೇ ಒಂದನ್ನು ತಗ್ಗಿದ ದನಿಯಲ್ಲಿ ಸೇರಿಸಿದರು. ಮನೆಯವರಿಗೆ ಅಕಸ್ಮಾತ್ ತಗುಲಿದರೂ ಏನೂ ಆಗಬಾರದು.

ಆತ್ರೇಯರು ಕನ್ನಡಕ ತೆಗೆದು ಅವರನ್ನು ನೋಡಿದರು. "ಸಾರ್, ನೀವು ಕೇಳ್ತಿರೋದು ತೋಟಾ ಅಲ್ಲ, ಮಂತ್ರಾಕ್ಷತೆ," ಎಂದರು.

ಆಮೇಲೆ ಅವರು ಗಾಜಿನ ಮೇಲೆ ಎರಡು ಕೆಂಪು ತೋಟಾ ನಿಲ್ಲಿಸಿ ವಿವರಿಸಿದರು. ಎರಡಕ್ಕೂ ಹೊಳೆಯದ ಹಿತ್ತಾಳೆಯ ಬುಡ. ಸಣ್ಣ ಚರೆ ಚೆಲ್ಲಾಡುವುದು ದೂರ ಹೋದ ಮೇಲೆ. ಹಾಲಿನಷ್ಟು ಜಾಗದಲ್ಲಿ ಅದೂ ಮುಷ್ಟಿ ಕಟ್ಟಿದ ಹಾಗೆ ಒಂದೇ ಕಡೆ ಬಡಿಯುತ್ತದೆ. ಹಾಗಾಗಿ ಮನೆಯೊಳಗೆ ದಪ್ಪದ್ದೂ ಒಂದೇ, ಸಣ್ಣದ್ದೂ ಒಂದೇ, ಎದುರಿಗಿದ್ದವರು ಉಳಿಯುವುದಿಲ್ಲ. ಇದನ್ನು ಅವರು ಸಾಬೂನಿನ ಗುಣ ಹೇಳುವವರಂತೆ ಶಾಂತವಾಗಿ ಹೇಳಿದರು. ಮೋಹನ್ ಕುಮಾರರು ಗಾಜಿನ ಅಂಚು ಹಿಡಿದುಕೊಂಡು ನಿಂತರು.

"ತೋಟಾ ಯಾವುದಾದ್ರೂ ಹಾಕ್ಕೊಳ್ಳಿ. ಬಂದೂಕಿನ ಕುದುರೆ ಎಳೆಯೋ ಮುಂಚೆ ಎದುರಿಗಿರೋದು ಯಾರು ಅಂತ ಗೊತ್ತಿರಬೇಕು, ಅಷ್ಟೇ," ಎಂದರು ಆತ್ರೇಯರು. "ಅದನ್ನ ನಾನು ಮಾರೋಲ್ಲ. ಮತ್ತೆ, ತೇವ ತಾಗಿಸ್ಬೇಡಿ."

ಎರಡು ಬಗೆಯದನ್ನೂ ಎರಡೆರಡು ಕೊಂಡು, ಟಿಫನ್ ಬಾಕ್ಸಿನಲ್ಲಿ ಹಾಕಿ, ಬಾಕ್ಸನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದರು. ರಸ್ತೆಯ ಪ್ರತಿ ಉಬ್ಬಿಗೂ ಅವರ ಜೀವ ಬಾಯಿಗೆ ಬರುತ್ತಿತ್ತು. ಮನೆಯ ಸ್ಟಾಪಿನಲ್ಲಿ ಇಳಿದವರು ಮನೆಗೆ ಹೋಗಲಾರದೆ ಪೊಲೀಸ್ ಠಾಣೆಗೆ ಹೋದರು. ತೋಟಾ ತಂದದ್ದನ್ನು ತಾವಾಗಿಯೇ ತಿಳಿಸಿಬಿಟ್ಟರೆ ಸರ್ಕಾರದ ಕೃಪೆ ಇರುತ್ತದೆಂದು ಅವರ ಎಣಿಕೆ. ಸಬ್ ಇನ್ಸ್‌ಪೆಕ್ಟರ್ ಯಲ್ಲಪ್ಪನವರು ಬಜ್ಜಿ ತಿನ್ನುತ್ತಿದ್ದರು. ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಎರಡರಲ್ಲಿ ಯಾವುದನ್ನು ಹಾಕಿದರೆ ಕಾನೂನಿಗೆ ಒಳ್ಳೆಯದು ಎಂದು ಮೋಹನ್ ಕುಮಾರರು ಕೇಳಿದಾಗ ಬಜ್ಜಿ ಕೆಳಗಿಟ್ಟರು.

"ಯಾವ್ದು ಹಾಕಿದ್ರೂ ಎಫ್ಐಆರ್ ಒಂದೇ ಸಾರ್. ನಿಮ್ಮ ಲೈಸೆನ್ಸು ಬೆಳೆ ರಕ್ಷಣೆಗೆ ಅಂತಿದೆ. ಕಳ್ಳ ಬಂದು ಮೇಯ್ತಾ ಇದ್ರೆ ನಿಮ್ಮ ಕೇಸು ಸ್ವಲ್ಪ ಗಟ್ಟಿಯಾಗುತ್ತೆ."

ಮನೆಯಲ್ಲಿ ಮೇಯಬಹುದಾದದ್ದು ಏನಿದೆ ಎಂದು ಮೋಹನ್ ಕುಮಾರರು ದಾರಿಯುದ್ದಕ್ಕೂ ಯೋಚಿಸಿದರು. ಒಂದು ಕರಿಬೇವಿನ ಗಿಡ, ಮೂರು ಕುಂಡ ದೊಡ್ಡಪತ್ರೆ, ಶ್ಯಾಮಸುಂದರರ ಪಾಲಿನ ತುಳಸಿ.

ಬಂದೂಕು ಬೀರುವಿನ ಮೇಲೆಯೇ ಉಳಿಯಿತು. ತೋಟಾಗಳನ್ನು ದೇವರಮನೆಯ ಗೂಡಿನಲ್ಲಿ, ದೀಪದೆಣ್ಣೆಯ ಬಾಟಲಿಯ ಹಿಂದೆ ಇಟ್ಟರು. ಇಟ್ಟ ದಿನದಿಂದ ಅವರಿಗೆ ಹೊಸದೊಂದು ಭಯ ಶುರುವಾಯಿತು. ಈ ಭಯಕ್ಕೆ ಕಳ್ಳ ಕಾರಣನಲ್ಲ. ಕಳ್ಳನಿಗೆ ಅವರು ಹೆದರುತ್ತಿದ್ದದ್ದು ಎಲ್ಲರೂ ಹೆದರುವಷ್ಟೇ. ಆದರೆ ತಮ್ಮ ಕೈಯನ್ನು ಅವರು ಬಲ್ಲರು. ಜಿರಳೆ ಕಂಡರೆ ಮೊದಲು ಚಪ್ಪಲಿ ಎಸೆದು ಆಮೇಲೆ ಅದು ಜಿರಳೆಯೋ ಖರ್ಜೂರದ ಬೀಜವೋ ಎಂದು ನೋಡುವ ಕೈ ಅದು. ಕಳ್ಳನೆಂದುಕೊಂಡು ಈ ಕೈ ಹೆಂಡತಿಗೋ ತಾಯಿಗೋ ಹೊಡೆದುಬಿಟ್ಟರೆ? ಊಟದ ತಟ್ಟೆಯ ಮುಂದೆ ಕೂತಾಗ ಈ ಯೋಚನೆ ಬಂದು, ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದರು. ಆತ್ರೇಯರು ಹೇಳಿದ್ದು ಕಿವಿಯಲ್ಲಿ ಮತ್ತೆ ಮತ್ತೆ ಕೇಳಿಸುತ್ತಿತ್ತು. ಎದುರಿಗಿರುವುದು ಯಾರು ಎಂದು ಗೊತ್ತಿರಬೇಕು.

ಹಾಗಾಗಿ ಅವರು ಮನೆಯಲ್ಲಿ ಹೊಸ ಕಾನೂನು ತಂದರು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವವರು ಮೊದಲು ತಮ್ಮ ಹೆಸರು ಹೇಳಬೇಕು. ಹೆಂಡತಿ ಚೈತ್ರ ಎರಡು ದಿನ "ರೀ, ನಾನು ಚೈತ್ರ, ಒಗ್ಗರಣೆ ಹಾಕೋಕೆ ಹೋಗ್ತಾ ಇದೀನಿ" ಎಂದು ವರದಿ ಒಪ್ಪಿಸಿದಳು. ಮೂರನೇ ದಿನ, ಇದಕ್ಕಿಂತ ಕಳ್ಳ ಬಂದು ಕುಕ್ಕರ್ ತಗೊಂಡು ಹೋಗಲಿ ಎಂದಳು. ಬೋರಮ್ಮನವರಂತೂ ಮೊದಲ ದಿನವೇ ಒಪ್ಪಲಿಲ್ಲ.

"ನಾನ್ ಸಗಣಿ ಸಾರ್ಸಿ ಕಟ್ಟಿದ ಮನೆ ಕಣ್ಲಾ ಇದು. ಇದ್ರೊಳ್ಗೆ ನಾನ್ಯಾರೂಂತ ಕೂಕ್ಕಂಡು ಓಡಾಡ್ಬೇಕಾ?" ಎಂದರು.

ಮಗ ಅಟ್ಟ ಹತ್ತಿ ಹಳೇ ಸಾಮಾನಿನ ನಡುವೆ ಹುಡುಕಿ, ಕೆಂಚಪ್ಪನವರ ಕಾಲದ ಎತ್ತಿನ ಕೊರಳಗಂಟೆಯೊಂದನ್ನು ತಂದರು. ಅದನ್ನು ತಾಯಿಯ ಸೊಂಟಕ್ಕೆ ಕಟ್ಟಲು ದಾರವನ್ನೂ ತಂದರು. ಬೋರಮ್ಮನವರು ಬಯ್ಯಲು ಬಾಯಿ ತೆರೆದವರು ಮಗನ ಮುಖ ನೋಡಿ ಮುಚ್ಚಿಕೊಂಡರು. ಕಣ್ಣು ಗುಳಿಬಿದ್ದಿತ್ತು. ಸೊಂಟ ತಿರುಗಿಸಿ ನಿಂತು ಕಟ್ಟಿಸಿಕೊಂಡರು. ಚೈತ್ರಳಿಗೆ ಮದುವೆಯ ಕಾಲದ ಗೆಜ್ಜೆ ಸರ ಹೊರಬಂತು. ಅಂದಿನಿಂದ ಆ ಮನೆಯ ಮುಂದೆ ಹಾದುಹೋಗುವವರಿಗೆ ಒಳಗೆ ಒಂದು ಎತ್ತೂ ಒಬ್ಬ ನರ್ತಕಿಯೂ ಅಡುಗೆ ಮಾಡುತ್ತಿರುವಂತೆ ಕೇಳಿಸುತ್ತಿತ್ತು.

ರಸ್ತೆಯೂ ತನ್ನ ಎಚ್ಚರಿಕೆಯಲ್ಲಿ ತಾನಿತ್ತು. ಪೇಪರಿನವನು ಎರಡು ಮನೆ ಆಚೆಯಿಂದಲೇ ಪೇಪರು ಬೀಸುತ್ತಿದ್ದ. ಹಾಲಿನವನು ಗೇಟಿಗೆ ಬರುವ ಮುಂಚೆ ಫೋನು ಮಾಡುತ್ತಿದ್ದ. ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ಬೆಳಗ್ಗೆ ಶುಭೋದಯದ ಹೂವಿನ ಜೊತೆ, ಮೋಹನ್ ಕುಮಾರರು ನಿನ್ನೆ ಚೆನ್ನಾಗಿ ಮಲಗಿದರೇ ಎಂದು ಯಾರಾದರೂ ವಿಚಾರಿಸುತ್ತಿದ್ದರು. ಶ್ಯಾಮಸುಂದರ ಮಂಚವನ್ನು ತಿರುಗಿಸಿದರು, ಗೋಡೆಗೆ ಕಬ್ಬಿಣದ ಬೀರು ನಿಲ್ಲಿಸಿದರು, ಅದೂ ಸಾಲದೆಂದು ಕಾಂಪೌಂಡಿನ ಸಂದಿಯಲ್ಲಿ ಮರಳಿನ ಚೀಲ ಪೇರಿಸತೊಡಗಿದರು. ಅವರ ಹೆಂಡತಿ ಕೋಕಿಲಾ ತವರಿಗೆ ಹೋಗಿಬರುತ್ತೇನೆಂದು ಹೋದವರು ಬರಲಿಲ್ಲ.

ಹೀಗಿರುವಾಗ ಆಯುಧಪೂಜೆ ಬಂತು.

ಆ ದಿನ ಮನೆಯಲ್ಲಿರುವ ಕತ್ತಿ, ಕುಡುಗೋಲು, ಮಿಕ್ಸಿ, ಸ್ಕೂಟರು ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಕುಂಕುಮ. ಬೋರಮ್ಮನವರ ಮಟ್ಟಿಗೆ ಇದು ಯುದ್ಧದ ದಿನ. ನಸುಕಿನಲ್ಲೇ ಎದ್ದು ಹಿತ್ತಲಿನ ನಲ್ಲಿಯ ಕೆಳಗೆ ದೊಡ್ಡ ಬೋಸಿ ಇಟ್ಟು, ಮನೆಯ ಲೋಹವನ್ನೆಲ್ಲ ಅದರಲ್ಲಿ ಸುರಿದುಕೊಂಡು ಕೂತರು. ಮಗನನ್ನು ಬಾಳೆಕಂದು, ಚೆಂಡುಹೂವು, ಬೂದುಗುಂಬಳಕಾಯಿ ತರಲು ಓಡಿಸಿದರು. ಹಬ್ಬದ ಗಲಾಟೆಯಲ್ಲಿ ನುಗ್ಗಿ ಅವರು ವಾಪಸ್ಸಾದಾಗ ಮಧ್ಯಾಹ್ನ ಕಳೆದಿತ್ತು. ದೇವರ ಮುಂದೆ ಮಣೆಯ ಮೇಲೆ ಬಂದೂಕು ಮೈತುಂಬ ವಿಭೂತಿ ಬಳಿದುಕೊಂಡು ಮಲಗಿತ್ತು. ಪಕ್ಕದಲ್ಲಿ ನಾಲ್ಕೂ ತೋಟಾ ಹೂವು ಮುಡಿದು ನಿಂತಿದ್ದವು. ಅವುಗಳ ಹಿತ್ತಾಳೆಯ ಬುಡ ದೀಪದ ಬೆಳಕಿಗೆ ಚಿನ್ನದ ಹಾಗೆ ಫಳಫಳ ಅನ್ನುತ್ತಿತ್ತು. ಹಬ್ಬದ ಕಳೆ ಎಂದುಕೊಂಡು ಮೋಹನ್ ಕುಮಾರರು ಕೈ ಮುಗಿದರು. ಅವುಗಳ ಮುಂದೆ ಎತ್ತಿನ ಗಂಟೆಯೂ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು ಕೂತಿತ್ತು. ಅದು ಅಲ್ಲಿದ್ದರೆ ಅವ್ವನ ಸೊಂಟದಲ್ಲಿ ಇಲ್ಲ ಎಂಬುದು ಅವರಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮುಸ್ಸಂಜೆಯಾಯಿತು. ಸ್ಕೂಟರಿಗೆ ಪೂಜೆ ಮಾಡಿ ಕುಂಬಳಕಾಯಿ ಒಡೆಯುವುದೊಂದೇ ಬಾಕಿ. ಚೈತ್ರ ಎದುರು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಮೋಹನ್ ಕುಮಾರರು ಹಾಲಿನಲ್ಲಿ ಕೂತು ಬಾಗಿಲಿಗೆ ಮಾವಿನೆಲೆ ಪೋಣಿಸುತ್ತಿದ್ದಾಗ ಕರೆಂಟು ಹೋಯಿತು. ಅದರ ಹಿಂದೆಯೇ ಫೋನು ಮಿನುಗಿತು. ಗುಂಪಿನಲ್ಲಿ ಗಿರಿಜಾದೇವಿಯವರ ಸಂದೇಶ. ಮಂಕಿ ಕ್ಯಾಪ್ ಹಾಕಿದ ಒಬ್ಬ ವ್ಯಕ್ತಿ ಮೋಹನ್ ಕುಮಾರರ ಪಕ್ಕದ ಕಾಂಪೌಂಡು ಹತ್ತಿದ್ದಾನೆ, ಬೆನ್ನ ಮೇಲೆ ದೊಡ್ಡ ಗಂಟಿದೆ, ನಾನು ಕಣ್ಣಾರೆ ನೋಡಿದೆ, ಎಲ್ಲರೂ ಬಾಗಿಲು ಹಾಕಿಕೊಳ್ಳಿ, ಮೋಹನ್ ಕುಮಾರ್ ಅವರೇ ಸಿದ್ಧರಾಗಿ.

ಸಿದ್ಧರಾಗುವುದೆಂದರೆ ಏನು ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾಲುಗಳು ತಾವಾಗಿಯೇ ದೇವರಮನೆಗೆ ಹೋದವು. ದೇವರ ಕ್ಷಮೆ ಕೇಳುತ್ತಾ ಬಂದೂಕು ಎತ್ತಿಕೊಂಡರು. ನಳಿಗೆ ಮಡಚಿ, ಬಲಕ್ಕೆ ಯಾವುದು ಎಡಕ್ಕೆ ಯಾವುದು ಎಂಬ ಸಂಘದ ತೀರ್ಮಾನ ಮರೆತು, ಕೈಗೆ ಸಿಕ್ಕ ಎರಡನ್ನು ತುರುಕಿದರು. ಚೆಂಡುಹೂವಿನ ಎಸಳು ನೆಲಕ್ಕೆ ಉದುರಿದವು. ಹಾಲಿನ ಮೂಲೆಯಲ್ಲಿ ಸೋಫಾದ ಹಿಂದೆ ಮಂಡಿಯೂರಿ ಹಿತ್ತಲ ಬಾಗಿಲಿನ ಕಡೆ ನಳಿಗೆ ತಿರುಗಿಸಿದರು. ಆ ದಿಕ್ಕಿಗೆ ಖಾಲಿ ಸೈಟಿದೆ ಎಂಬುದಷ್ಟೇ ಅವರಿಗಿದ್ದ ಸಮಾಧಾನ. 

ಹಿತ್ತಲ ಬಾಗಿಲು ಕಿರ್ರೆಂದಿತು. ಬಾಗಿದ ಮೈಯೊಂದು ಒಳಗೆ ಬಂತು. ಎರಡು ಕೈಯಲ್ಲೂ ದುಂಡನೆಯದೇನನ್ನೋ ಎದೆಗವಚಿ ಹಿಡಿದಿತ್ತು. ಗಂಟೆಯ ಸದ್ದಿಲ್ಲ, ಗೆಜ್ಜೆಯ ಸದ್ದಿಲ್ಲ.

"ಯಾರು?" ಎಂದರು ಮೋಹನ್ ಕುಮಾರರು. ದನಿ ಹೊರಗೆ ಬಂತೋ ಇಲ್ಲವೋ ಅವರಿಗೇ ತಿಳಿಯಲಿಲ್ಲ.

ಉತ್ತರ ಬರಲಿಲ್ಲ. ಆಕೃತಿ ಇನ್ನೊಂದು ಹೆಜ್ಜೆ ಇಟ್ಟಿತು. ಇನ್ನೊಂದು ಸಲ ಕೇಳಬೇಕೆಂದು ಅವರು ಬಾಯಿ ತೆರೆದರು, ಬಾಯಿಗಿಂತ ಮೊದಲು ಬೆರಳು ಮಡಚಿಕೊಂಡಿತು. ಟಿಕ್ ಎಂದಿತು. ಹೆದರಿದ ಬೆರಳು ಇನ್ನೊಂದು ಕುದುರೆಯನ್ನೂ ಎಳೆಯಿತು. ಅದೂ ಟಿಕ್ ಎಂದಿತು.

ಆ ಎರಡನೇ ಟಿಕ್ಕಿಗೆ ಆಕೃತಿ ಗಕ್ಕನೆ ನಿಂತಿತು. ಕೈಯಲ್ಲಿದ್ದದ್ದು ಜಾರಿ ನೆಲಕ್ಕೆ ಬಿದ್ದು ದೊಪ್ಪೆಂದು ಒಡೆಯಿತು. ಬಿಸಿಯಲ್ಲದ ಏನೋ ಮೋಹನ್ ಕುಮಾರರ ಮುಖಕ್ಕೆ ಹಾರಿತು. ಅದೇ ಕ್ಷಣಕ್ಕೆ ಕರೆಂಟು ಬಂತು. ನೆಲದ ತುಂಬ ಕೆಂಪು, ಗೋಡೆಗೆ ಕೆಂಪು, ಬೋರಮ್ಮನವರ ಬಿಳಿಯ ಸೀರೆಗೆ ಎದೆಯಿಂದ ಕಾಲಿನವರೆಗೆ ಕೆಂಪು. ಆ ಕೆಂಪಿನ ನಡುವೆ ಬೋರಮ್ಮನವರು ನೆಟ್ಟಗೆ ನಿಂತು ಮಗನನ್ನು ನೋಡುತ್ತಿದ್ದರು. ಬಂದೂಕಿನ ಎರಡು ಬಾಯಿಗಳು ಇನ್ನೂ ಅವರ ಎದೆಯ ನೇರಕ್ಕೇ ಇದ್ದವು.

ಮೋಹನ್ ಕುಮಾರರು ಕಿರುಚಿದ್ದು ಮೂಲೆ ಮನೆಯ ನಾಯಿಗೂ ಕೇಳಿಸಿ ಅದು ಮಂಚದ ಕೆಳಗೆ ಸೇರಿತು. ಬಂದೂಕು ಬಿಸಾಡಿ ಓಡಿಹೋಗಿ ತಾಯಿಯ ಮೈಯನ್ನೆಲ್ಲ ತಡವಿದರು. ಕೈಗೆ ಸಿಕ್ಕಿದ್ದು ಕುಂಬಳದ ತಿರುಳು, ಬೀಜ, ಕುಂಕುಮ ಕಲಸಿದ ನೀರು. ಒಡೆಯುವುದಕ್ಕೆಂದು ಕಾಯಿಯ ತಲೆ ಕೊಯ್ದು ಒಳಗೆ ಕುಂಕುಮ ತುಂಬಿಸಿಕೊಂಡು ಅವರು ಹಿತ್ತಲಿನಿಂದ ಬರುತ್ತಿದ್ದರು. ತನ್ನ ಮನೆಯಲ್ಲಿ ತಾನು ಯಾರೆಂದು ಹೇಳುವುದಿಲ್ಲ ಎಂಬ ಹಟಕ್ಕೆ ಉತ್ತರ ಕೊಟ್ಟಿರಲಿಲ್ಲ.

ರಸ್ತೆಯೇ ಒಳಗೆ ನುಗ್ಗಿತು. ನೆಲ ನೋಡಿ ಗಿರಿಜಾದೇವಿಯವರು ಬಾಗಿಲಲ್ಲೇ ಕುಸಿದು ಕೂತರು. ಯಾರೋ ಆ್ಯಂಬುಲೆನ್ಸಿಗೆ ಫೋನು ಮಾಡಿದರು. ಚೈತ್ರ ಬಾಯಿಗೆ ಸೆರಗು ಒತ್ತಿ ನಿಂತುಬಿಟ್ಟಳು. ಮೋಹನ್ ಕುಮಾರರು ತಾಯಿಯ ಕಾಲು ಹಿಡಿದು ಕೂತು, ತಾನು ಏನು ಮಾಡಿದೆ ಎಂದು ಹೇಳಲು ಬಾಯಿ ತೆರೆದರು. "ನಾನು... ನಾನು..." ಎನ್ನುವಷ್ಟರಲ್ಲಿ ಬೋರಮ್ಮನವರು ಅವರ ತಲೆಯ ಮೇಲೆ ಕೈಯಿಟ್ಟು ಅದುಮಿದರು.

"ಕೈ ಜಾರ್ತು ಕಣವ್ವಾ," ಎಂದರು ಗಿರಿಜಾದೇವಿಯವರ ಕಡೆ ತಿರುಗಿ. "ಬಾಗ್ಲಾಗ್ ಒಡೀಬೇಕಾದ್ದು ಒಳ್ಗೇ ಒಡ್ದೋಯ್ತು. ಇವ್ನು ಸದ್ದಿಗೆ ಹೆದರ್ಕಂಡವ್ನೆ. ಚಿಕ್ಕೋನಿದ್ದಾಗ್ಲಿಂದ್ಲೂ ಹಂಗೇ."

ಟಿಕ್ ಎಂದದ್ದು ಇಬ್ಬರಿಗೇ ಗೊತ್ತು. ತಲೆಯ ಮೇಲಿದ್ದ ಆ ಕೈಯೂ ಸ್ವಲ್ಪ ನಡುಗುತ್ತಿತ್ತು. ಆ ನಡುಕ ಗೊತ್ತಾದದ್ದು ಮಗನೊಬ್ಬನಿಗೆ.

ಅಷ್ಟರಲ್ಲಿ ಹೊರಗಿನಿಂದ ಕಳ್ಳ ಸಿ‌ಕ್ಕಿದ ಎಂದು ಕೂಗು ಬಂತು. ಮಂಕಿ ಕ್ಯಾಪಿನವನನ್ನು ಕಾಂಪೌಂಡಿನ ಮೇಲಿಂದ ಎಳೆದು ಇಳಿಸಿ ಕರೆತಂದಿದ್ದರು. ಕ್ಯಾಪು ತೆಗೆಸಿದರೆ ಶ್ಯಾಮಸುಂದರ. ಬೆನ್ನಿನ ಗಂಟು ಅವರ ಮನೆಯ ಹತ್ತಿಯ ಹಾಸಿಗೆ. ಮರಳಿನ ಚೀಲದ ಮೇಲೆ ಅದನ್ನು ಇಳಿಬಿಟ್ಟರೆ ಗುಂಡು ಮೆತ್ತಗಾಗುತ್ತದೆಂದು ಅವರು ಓದಿದ್ದರಂತೆ. ಮೋಹನ್ ಕುಮಾರರ ಬಂದೂಕಿಗೆ ಹೆದರಿ ಶ್ಯಾಮಸುಂದರ ಗೋಡೆ ಹತ್ತಿದರು, ಶ್ಯಾಮಸುಂದರರಿಗೆ ಹೆದರಿ ಮೋಹನ್ ಕುಮಾರರು ಬಂದೂಕು ಎತ್ತಿದರು. ಕುಕ್ಕರ್ ಕದ್ದವನು ಆ ಹೊತ್ತಿಗೆ ಎಲ್ಲೋ ನಿಶ್ಚಿಂತೆಯಿಂದ ಹಬ್ಬದೂಟ ಮಾಡುತ್ತಿದ್ದಿರಬೇಕು.

ಹಬ್ಬ ಮುಗಿದು ಅಂಗಡಿಗಳು ತೆರೆದ ಮೊದಲ ದಿನವೇ ಮೋಹನ್ ಕುಮಾರರು ಆಫೀಸಿಗೆ ರಜೆ ಹಾಕಿದರು. ನಡುವಿನ ದಿನಗಳಲ್ಲಿ ಅವರು ತಾಯಿಯ ಎದುರು ತಲೆಯೆತ್ತಿರಲಿಲ್ಲ. ತಾಯಿ ಆ ಸಂಜೆಯ ಮಾತೆತ್ತಲಿಲ್ಲ. ಗುಂಡು ಯಾಕೆ ಹಾರಲಿಲ್ಲ ಎಂದು ಮೋಹನ್ ಕುಮಾರರು ಎಷ್ಟು ಯೋಚಿಸಿದರೂ ತಿಳಿಯದೆ, ದೇವರ ದಯೆ ಎಂದುಕೊಂಡು ಎರಡು ಹೊತ್ತೂ ದೇವರಮನೆಯಲ್ಲಿ ಕೂತಿದ್ದರು. ಈಗ ಬಂದೂಕನ್ನೂ ತೋಟಾಗಳನ್ನೂ ಚೀಲಕ್ಕೆ ಹಾಕಿ ಹೊರಟಾಗ ಬೋರಮ್ಮನವರು ಗೇಟಿನವರೆಗೆ ಬಂದರು. ಯಜಮಾನರ ವಸ್ತು ಹೋಗುತ್ತಿದೆಯಲ್ಲ ಎಂದು ಬೇಡ ಅನ್ನುತ್ತಾರೇನೋ ಎಂದು ಮಗ ನಿಂತರು.

"ಬರ್ತಾ ಹುಣ್ಸೇಹಣ್ಣು ತಕ್ಕಂಡು ಬಾ. ಇದ್ದದ್ದೆಲ್ಲಾ ಹಬ್ಬಕ್ಕೇ ಮುಗ್ದೋಯ್ತು," ಎಂದರು ಬೋರಮ್ಮ.

ಆತ್ರೇಯರು ಬಂದೂಕನ್ನು ಅಂಗಡಿಯಲ್ಲೇ ಇಟ್ಟುಕೊಳ್ಳಲು ಒಪ್ಪಿದರು. ಆಮೇಲೆ ತೋಟಾ ಎತ್ತಿ ನೋಡಿದರು. ಇದರ ಬುಡ ಹೀಗೆ ಹೊಳೆದದ್ದನ್ನು ತಮ್ಮ ಅಂಗಡಿಯ ಚರಿತ್ರೆಯಲ್ಲೇ ಕಂಡಿಲ್ಲವೆಂದರು. ಮೂಗಿನ ಹತ್ತಿರ ತಂದರು. ಇನ್ನೊಂದು ಸಲ ಮೂಸಿದರು. ಬ್ಲೇಡಿನಿಂದ ತುದಿ ಸೀಳಿ ಒಳಗಿದ್ದದ್ದನ್ನು ಪೇಪರಿನ ಮೇಲೆ ಸುರಿದರು. ಕಪ್ಪಗೆ, ಮುದ್ದೆಯಾಗಿ ಬಿತ್ತು.

"ಏನ್ ಸಾರ್, ಪುಳಿಯೋಗರೆ ವಾಸನೆ ಬರ್ತಿದೆ? ಯಾರೋ ಇದನ್ನ ಹುಣಸೆನೀರಲ್ಲಿ ಗಂಟೆಗಟ್ಲೆ ನೆನೆಸಿಟ್ಟು ಉಜ್ಜಿದಾರೆ. ಬುಡದ ಕೇಪಿನ ಸಂದಿಯಿಂದ ನೀರು ಒಳಗೆ ಹೋಗಿ ಮದ್ದೆಲ್ಲ ಗೊಜ್ಜಾಗಿದೆ."

ಮೋಹನ್ ಕುಮಾರರಿಗೆ ಹಿತ್ತಲಿನ ಬೋಸಿ ಕಣ್ಣಿಗೆ ಬಂತು. ದೀಪದ ಕಂಬ, ಆರತಿ ತಟ್ಟೆ, ಚೊಂಬು, ಅವುಗಳ ಜೊತೆಗೆ ಈ ನಾಲ್ಕು. ಹಿತ್ತಾಳೆ ಕಂಡರೆ ಬಿಡುವವರಲ್ಲ ಅವ್ವ. ದಪ್ಪದ್ದೋ ಸಣ್ಣದ್ದೋ ಎಂದು ರಸ್ತೆಯೆಲ್ಲ ಕೈ ಎತ್ತಿ ಆರಿಸಿದ ತೋಟಾಗಳನ್ನು ಅವರು ಭೇದವಿಲ್ಲದೆ ನೆನೆಹಾಕಿದ್ದರು. ಅಂಗಡಿಯ ಸ್ಟೂಲಿನ ಮೇಲೆ ಕೂತು ಮೋಹನ್ ಕುಮಾರರು ಕನ್ನಡಕ ತೆಗೆದು ಅತ್ತರು. ಆತ್ರೇಯರು ಇಂಥ ಗಿರಾಕಿಗಳಿಗೆ ಏನು ಹೇಳಬೇಕೋ ತಿಳಿಯದೆ ಫ್ಯಾನು ಜೋರು ಮಾಡಿದರು.

ಅವರು ಮನೆ ತಲುಪುವಾಗ ಹೊತ್ತು ಮುಳುಗುತ್ತಿತ್ತು. ಶ್ಯಾಮಸುಂದರ ಮರಳಿನ ಚೀಲಗಳನ್ನು ಒಂದೊಂದಾಗಿ ಹೊರಗೆ ಎಳೆದು ಹಾಕುತ್ತಿದ್ದರು, ಕೋಕಿಲಾ ವರಾಂಡದಲ್ಲಿ ಕೂತು ಅದನ್ನು ನೋಡುತ್ತಿದ್ದರು. ಮೋಹನ್ ಕುಮಾರರು ತಮ್ಮ ಗೇಟಿನ ಹತ್ತಿರ ನಿಂತರು. ಒಳಗೆ ಇನ್ನೂ ದೀಪ ಹಾಕಿರಲಿಲ್ಲ. ಅವರು ಚಿಲಕಕ್ಕೆ ಕೈ ಹಾಕುವ ಮೊದಲು ದನಿ ಎತ್ತಿ, "ಅವ್ವಾ, ನಾನು, ಮೋಹನ," ಎಂದರು.

ಕತ್ತಲೆಯ ಹಾಲಿನೊಳಗಿನಿಂದ ಎತ್ತಿನ ಗಂಟೆ ಸದ್ದು ಮಾಡುತ್ತಾ ಬಾಗಿಲ ಕಡೆ ಬಂತು. ಅದನ್ನು ಆ ದಿನ ಯಾರೂ ಕಟ್ಟಿರಲಿಲ್ಲ, ಕಟ್ಟಿಕೋ ಎಂದೂ ಹೇಳಿರಲಿಲ್ಲ.

"ಗೊತ್ತು ಬಾರ್ಲಾ," ಎಂದರು ಬೋರಮ್ಮ. "ಹುಣ್ಸೇಹಣ್ಣು ತಂದ್ಯಾ?"